ಕಾಲೇಜಿನಲ್ಲಿ ಲೈಂಗಿಕ ಕಿರುಕುಳದ ದೂರು: ಆರೋಪ ಹೊತ್ತ ವಿದ್ಯಾರ್ಥಿ ಮತ್ತು ಅವನ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯ ಕಾಲೇಜು ಹುಡುಗರೂ ಅವರ ತಂದೆ ತಾಯಿಯರೂ ಕೇಳುವ ಪ್ರಶ್ನೆಗಳು ಇವು. ನಾನು ಕಾಲೇಜಿನ ಆಂತರಿಕ ದೂರು ಸಮಿತಿಯಲ್ಲಿ ಕೂತ ಅಧ್ಯಾಪಕಿ. ದೂರು ಕೊಡುವುದು ಹೇಗೆ ಅಂತ ಹೇಳುವ ಪೋಸ್ಟರ್ ನೋಟಿಸ್ ಬೋರ್ಡಿನಲ್ಲಿ ಇರುತ್ತದೆ, ಇರಲೇಬೇಕು. ದೂರು ಯಾರ ಮೇಲೆ ಬಂತೋ ಅವನು ಏನು ಮಾಡಬೇಕು ಅಂತ ಯಾರೂ ಬರೆದು ಹಚ್ಚುವುದಿಲ್ಲ. ಅವನು ಗೆಳೆಯರನ್ನು ಕೇಳುತ್ತಾನೆ. ಗೆಳೆಯರು ಕೊಡುವ ಸಲಹೆ ಹೆಚ್ಚಾಗಿ ಅವನನ್ನೇ ಮುಳುಗಿಸುತ್ತದೆ. ಹಾಗಂತ, ತಪ್ಪಿಸಿಕೊಳ್ಳುವ ಉಪಾಯ ಹುಡುಕಿ ಬಂದವರಿಗೆ ಇಲ್ಲಿ ಏನೂ ಸಿಗುವುದಿಲ್ಲ.

ಸಮಿತಿಯಿಂದ ನೋಟಿಸ್ ಬಂದಿದೆ. ಕೈಕಾಲು ಆಡುತ್ತಿಲ್ಲ. ಮೊದಲು ಏನು ಮಾಡಲಿ?

ಮೊದಲು ಪೂರ್ತಿ ಓದಿ. ಅರ್ಧ ಓದಿ ಫೋನ್ ಎತ್ತಿಕೊಳ್ಳುವವರೇ ಜಾಸ್ತಿ. ನೋಟಿಸ್ ಕೈಗೆ ಸಿಕ್ಕ ದಿನಾಂಕ ಬರೆದಿಟ್ಟುಕೊಳ್ಳಿ, ಯಾಕೆಂದರೆ ಉತ್ತರ ಕೊಡಲು ಇರುವುದು ಹತ್ತು ದಿನ. ನೋಟಿಸ್ ಜೊತೆ ದೂರಿನ ಪ್ರತಿ ಇದೆಯಾ ನೋಡಿ. ದೂರು ಬಂದ ಏಳು ದಿನದೊಳಗೆ ಅದರ ಪ್ರತಿಯನ್ನು ನಿಮಗೆ ಕಳಿಸಬೇಕು ಅಂತ ನಿಯಮ ಇದೆ. ಬರೀ "ನಿಮ್ಮ ಮೇಲೆ ದೂರು ಬಂದಿದೆ, ಬಂದು ಹಾಜರಾಗಿ" ಅಂತ ಒಂದು ಚೀಟಿ ಬಂದಿದ್ದರೆ, ದೂರಿನ ಪ್ರತಿ ಬೇಕು ಅಂತ ಬರೆದು ಕೇಳಿ. ಏನು ಆರೋಪ ಅಂತ ಗೊತ್ತಿಲ್ಲದೆ ಯಾರೂ ಉತ್ತರ ಕೊಡಲಾಗದು.

ಆಮೇಲೆ ಮನೆಯಲ್ಲಿ ಒಬ್ಬರಿಗೆ ಹೇಳಿ. ಆಯಿಯೋ, ಅಪ್ಪನೋ, ಅಣ್ಣನೋ, ಯಾರು ಕೂಗಾಡದೆ ಕೇಳುತ್ತಾರೋ ಅವರಿಗೆ. ಮುಚ್ಚಿಟ್ಟು ಒಬ್ಬನೇ ಒದ್ದಾಡಬೇಡಿ. ನಮ್ಮ ಕಡೆ ಸುದ್ದಿ ಹೇಗಿದ್ದರೂ ಬಸ್ಸಿಗಿಂತ ಮುಂಚೆ ಊರು ಮುಟ್ಟುತ್ತದೆ. ಅದು ನಿಮ್ಮ ಬಾಯಿಂದಲೇ ಮುಟ್ಟಲಿ.

ಇದೆಲ್ಲ ಯಾವ ಕಾನೂನಿನ ಪ್ರಕಾರ ನಡೆಯುತ್ತದೆ?

ಎರಡು ಹೆಸರು ನೆನಪಿಟ್ಟರೆ ಸಾಕು. ಒಂದು, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಇನ್ನೊಂದು, ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಮಾಡಿದ 2015ರ ನಿಯಮಾವಳಿ. ಇದು ಗೆಜೆಟ್‌ನಲ್ಲಿ ಬಂದದ್ದು 2016ರ ಮೇ ತಿಂಗಳಲ್ಲಿ. ಎಂಜಿನಿಯರಿಂಗ್‌ನಂಥ ತಾಂತ್ರಿಕ ಕಾಲೇಜುಗಳಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ಇಂಥದ್ದೇ 2016ರ ನಿಯಮಗಳಿವೆ. ಈ ಪುಟದಲ್ಲಿ ನಾನು ಹೇಳುವ ದಿನಗಳ ಲೆಕ್ಕ ಹೆಚ್ಚಾಗಿ ಯುಜಿಸಿ ನಿಯಮಾವಳಿಯದ್ದು. ನಿಮ್ಮ ಕಾಲೇಜಿಗೆ ಯಾವುದು ಅನ್ವಯ ಅಂತ ಸಮಿತಿಯನ್ನೇ ಕೇಳಿ. ಕೇಳಿದರೆ ತಪ್ಪೇನಿಲ್ಲ.

ಅವಳನ್ನೇ ಭೇಟಿಯಾಗಿ ಮಾತಾಡಿ ಬಗೆಹರಿಸಿಕೊಂಡರೆ ಆಗದೇ? ನಮ್ಮ ಮಾವ ಅವರ ಮನೆಗೆ ಹೋಗಿ ಬರುತ್ತೇನೆ ಅಂತಿದ್ದಾರೆ.

ಬೇಡ. ದಯವಿಟ್ಟು ಬೇಡ. ಈ ಜಿಲ್ಲೆಯಲ್ಲಿ ಆರೋಪ ಹೊತ್ತ ಹುಡುಗರು ಕೆಡಿಸಿಕೊಳ್ಳುವುದು ಇಲ್ಲೇ.

ನಮ್ಮ ಅಭ್ಯಾಸ ಹೇಗಿದೆ ಅಂದರೆ, ಜಾಗದ ಬೇಲಿ ಜಗಳ ಇರಲಿ, ದೋಣಿಯ ಪಾಲಿನ ಜಗಳ ಇರಲಿ, ನಾಲ್ಕು ಹಿರಿಯರು ಹೋಗಿ ಜಗಲಿಯಲ್ಲಿ ಕೂತು ಚಾ ಕುಡಿದು ಮುಗಿಸಿ ಬರುತ್ತಾರೆ. ಅದರಲ್ಲಿ ಒಳ್ಳೆಯದೂ ಇದೆ. ಆದರೆ ಲೈಂಗಿಕ ಕಿರುಕುಳದ ದೂರು ಕೊಟ್ಟ ಹುಡುಗಿಯ ಮನೆಗೆ ಹುಡುಗನ ಕಡೆಯ ಐದಾರು ಜನ ಕಾರಿನಲ್ಲಿ ಬಂದು ಇಳಿದರೆ ಅದಕ್ಕೆ ಬೇರೆಯದೇ ಅರ್ಥ. ಅವರು ಎಷ್ಟೇ ನಯವಾಗಿ ಮಾತಾಡಿದರೂ ಅದು ಒತ್ತಡ. "ಹುಡುಗಿಯ ಭವಿಷ್ಯ ನೋಡಿ" ಅನ್ನುವ ಮಾತು ಹೇಳಿದವರಿಗೆ ಕಾಳಜಿ, ಕೇಳಿದವರಿಗೆ ಬೆದರಿಕೆ. ಆಕೆ ಮರುದಿನ ಸಮಿತಿಗೆ ಅದನ್ನೂ ಬರೆದು ಕೊಡುತ್ತಾಳೆ, ಕೊಡಬೇಕಾದ್ದೇ. ಅಲ್ಲಿಗೆ ನಿಮ್ಮ ಮೇಲಿನ ಆರೋಪ ಒಂದಿದ್ದದ್ದು ಎರಡಾಯಿತು.

ಹಾಗಾಗಿ ಮೆಸೇಜ್ ಇಲ್ಲ, ಕಾಲ್ ಇಲ್ಲ, ಸ್ಟೇಟಸ್ಸಿನಲ್ಲಿ ಚುಚ್ಚುಮಾತು ಇಲ್ಲ, ಅವಳ ಗೆಳತಿಯ ಮೂಲಕ "ಸಾರಿ" ಕಳಿಸುವುದೂ ಇಲ್ಲ. ಅವಳು ಬರುವ ಬಸ್ಸಿನ ಹೊತ್ತು ಗೊತ್ತಿದ್ದರೆ ನೀವು ಬೇರೆ ಬಸ್ ಹಿಡಿಯಿರಿ. ನಿಮ್ಮ ಹಳ್ಳಿಗೆ ಇರುವುದೇ ಒಂದು ಬಸ್ಸು ಅಂತಾದರೆ ಅದನ್ನು ಸಮಿತಿಗೆ ತಿಳಿಸಿ, ಅವರು ಏನಾದರೂ ವ್ಯವಸ್ಥೆ ಹೇಳುತ್ತಾರೆ. ಮಾವನವರಿಗೆ ಕೈ ಮುಗಿದು ಮನೆಯಲ್ಲೇ ಕೂರಿಸಿ.

ಆದರೆ ನಿಯಮದಲ್ಲೇ ರಾಜಿಗೆ ಅವಕಾಶ ಇದೆಯಂತಲ್ಲ?

ಇದೆ. ಅದನ್ನು ಕೇಳಬೇಕಾದವರು ದೂರು ಕೊಟ್ಟವರು, ನೀವಲ್ಲ. ಕೇಳಿದರೆ ಸಮಿತಿಯ ಮೂಲಕವೇ ನಡೆಯಬೇಕು. ದುಡ್ಡು ಕೊಟ್ಟು ಮುಗಿಸುವ ಹಾಗಿಲ್ಲ, ಅದನ್ನು ನಿಯಮವೇ ಕಡ್ಡಿ ಮುರಿದ ಹಾಗೆ ಹೇಳಿದೆ.

ಉತ್ತರ ಹೇಗೆ ಬರೆಯಲಿ? ಇಂಗ್ಲಿಷಿನಲ್ಲೇ ಬರೆಯಬೇಕಾ?

ಕನ್ನಡದಲ್ಲಿ ಬರೆಯಿರಿ. ಬಾರದ ಇಂಗ್ಲಿಷಿನಲ್ಲಿ ಬರೆದು ಹೇಳದ್ದನ್ನು ಹೇಳಿದಂತೆ ಆಗುವುದಕ್ಕಿಂತ ಅದೇ ಒಳ್ಳೆಯದು.

ದೂರಿನ ಒಂದೊಂದು ಮಾತನ್ನೂ ಎತ್ತಿಕೊಂಡು ಅದಕ್ಕೆ ಉತ್ತರ ಕೊಡಿ. ಇದು ನಡೆದದ್ದು ಹೌದು, ಇದು ನಡೆದಿಲ್ಲ, ಇದು ನಡೆದದ್ದು ಹೌದು ಆದರೆ ಹೀಗೆ. ದಿನಾಂಕ, ಹೊತ್ತು, ಜಾಗ ಸೇರಿಸಿ. ನೆನಪಿಲ್ಲದ್ದನ್ನು ನೆನಪಿಲ್ಲ ಅಂತಲೇ ಬರೆಯಿರಿ. ಊಹಿಸಿ ಬರೆದದ್ದು ಒಂದು ಕಡೆ ತಪ್ಪಾದರೂ ಉಳಿದ ಸತ್ಯವನ್ನೂ ಜನ ನಂಬುವುದಿಲ್ಲ. ಹುಡುಗಿಯ ಗುಣ, ಬಟ್ಟೆ, ಜಾತಿ, ಹಳೆಯ ಗೆಳೆತನ, ಇವನ್ನು ತರಬೇಡಿ. ನಾನು ಓದಿದ ಉತ್ತರಗಳಲ್ಲಿ ಎಷ್ಟೋ ಇವುಗಳಿಂದಲೇ ತುಂಬಿರುತ್ತವೆ, ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಇರುವುದಿಲ್ಲ.

ಉತ್ತರದ ಜೊತೆಗೇ ನಿಮ್ಮ ದಾಖಲೆಗಳ ಪಟ್ಟಿ, ಸಾಕ್ಷಿಗಳ ಹೆಸರು ವಿಳಾಸ ಕೊಡಬೇಕು. ಕೊಟ್ಟದ್ದಕ್ಕೆ ಸೀಲು ಹಾಕಿದ ಒಂದು ಪ್ರತಿ ಇಟ್ಟುಕೊಳ್ಳಿ. ಹತ್ತು ದಿನ ಸಾಲದಿದ್ದರೆ, ಅವಧಿ ಮುಗಿಯುವ ಮೊದಲೇ, ಕಾರಣ ಬರೆದು ಹೆಚ್ಚಿನ ಸಮಯ ಕೇಳಿ. ಸುಮ್ನೆ ಇದ್ದುಬಿಡುವುದು ಮಾತ್ರ ಬೇಡ.

ಚಾಟ್ ಎಲ್ಲ ಅಳಿಸಿಬಿಡಲಾ? ಗೆಳೆಯರು ಹಾಗೇ ಹೇಳುತ್ತಿದ್ದಾರೆ.

ನಿಮ್ಮ ಪರವಾಗಿ ಇರುವ ಸಾಕ್ಷ್ಯವೂ ಅದರಲ್ಲೇ ಇರಬಹುದು. ಇನ್ನೊಬ್ಬರ ಫೋನಿನಲ್ಲಿ ಅದು ಇದ್ದೇ ಇರುತ್ತದೆ, ಅಳಿಸಿದ್ದೂ ಗೊತ್ತಾಗುತ್ತದೆ. ವಾಟ್ಸಾಪ್ ಸಂಭಾಷಣೆಯನ್ನು ಇಡಿಯಾಗಿ ತೆಗೆದಿಡಿ. ಬೇಕಾದ ನಾಲ್ಕು ಸಾಲಿನ ಸ್ಕ್ರೀನ್‌ಶಾಟ್ ಕೊಟ್ಟರೆ ಮೇಲೆ ಕೆಳಗೆ ಏನಿತ್ತು ಅಂತ ಸಮಿತಿ ಕೇಳಿಯೇ ಕೇಳುತ್ತದೆ. ಫೋನ್ ಬದಲಿಸಬೇಡಿ, ಫಾರ್ಮ್ಯಾಟ್ ಮಾಡಬೇಡಿ.

ಇನ್ನೊಂದು ಅವಸರದ ಕೆಲಸ ಸಿಸಿಟಿವಿ. ಹಳೆಯ ದೃಶ್ಯದ ಮೇಲೆ ಹೊಸದು ಬಂದು ಕೂರುತ್ತದೆ. ಇಂಥ ದಿನದ, ಇಂಥ ಹೊತ್ತಿನ ದೃಶ್ಯ ಉಳಿಸಿಡಿ ಅಂತ ಪ್ರಿನ್ಸಿಪಾಲರಿಗೂ ಸಮಿತಿಗೂ ಕೂಡಲೇ ಬರೆದು ಕೊಡಿ. ಹಾಸ್ಟೆಲ್ ರಿಜಿಸ್ಟರ್, ಲ್ಯಾಬ್ ಹಾಜರಿ, ಬಸ್ ಟಿಕೆಟ್, ಫೋನ್‌ಪೇಯಲ್ಲಿ ಚಾ ಅಂಗಡಿಗೆ ಕೊಟ್ಟ ಹತ್ತು ರೂಪಾಯಿ, ಇವೆಲ್ಲ ನೀವು ಎಲ್ಲಿದ್ದಿರಿ ಅನ್ನುವುದನ್ನು ಹೇಳುತ್ತವೆ.

ವಕೀಲರನ್ನು ಕರೆದುಕೊಂಡು ಹೋಗಬಹುದಾ?

ಸಮಿತಿಯ ಮುಂದೆ ಎರಡೂ ಕಡೆಯವರು ತಮ್ಮ ಪರವಾಗಿ ವಕೀಲರನ್ನು ತರುವ ಹಾಗಿಲ್ಲ. 2013ರ ಕಾಯ್ದೆಯ ಜೊತೆ ಬಂದ ನಿಯಮಗಳಲ್ಲೇ ಅದು ಇದೆ. ಹೊರಗೆ ಅವರ ಸಲಹೆ ತೆಗೆದುಕೊಳ್ಳುವುದಕ್ಕೆ ಅಡ್ಡಿಯಿಲ್ಲ, ತೆಗೆದುಕೊಳ್ಳಿ. ದುಡ್ಡಿನ ತೊಂದರೆ ಇದ್ದರೆ ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲೂಕುಗಳಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಫೋನ್ 15100. ಪರಿಶಿಷ್ಟ ಜಾತಿ, ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಬಂಧನದಲ್ಲಿ ಇರುವವರು, ಆದಾಯ ಕಡಿಮೆ ಇರುವವರು, ಇವರಿಗೆ ಉಚಿತ ವಕೀಲರು ಸಿಗುತ್ತಾರೆ. ಆರೋಪ ಹೊತ್ತವನು ಅನ್ನುವ ಕಾರಣಕ್ಕೆ ಯಾರೂ ವಾಪಸ್ ಕಳಿಸುವುದಿಲ್ಲ.

ಓದಲು ಬರೆಯಲು ಕಷ್ಟ ಇದ್ದರೆ, ಮಾತು ತೊದಲುವುದಿದ್ದರೆ, ಕೊಂಕಣಿಯಲ್ಲೇ ಸರಿಯಾಗಿ ಹೇಳಲು ಆಗುವುದಾದರೆ, ಅದನ್ನು ಮೊದಲೇ ತಿಳಿಸಿ ಸಹಾಯಕ್ಕೆ ಒಬ್ಬರನ್ನು ಕೇಳಿ.

ಸಮಿತಿಯಲ್ಲಿ ಇರುವವರೇ ಅವಳ ಕಡೆಯವರು. ನ್ಯಾಯ ಎಲ್ಲಿಂದ ಸಿಗುತ್ತದೆ?

ಸಣ್ಣ ಊರು. ಎಲ್ಲರೂ ಎಲ್ಲರಿಗೂ ಯಾವುದೋ ದಾರಿಯಲ್ಲಿ ನೆಂಟರೇ. ಆದರೆ "ಅದೇ ಜಾತಿಯವರು" ಅನ್ನುವುದು ಆಕ್ಷೇಪಣೆ ಆಗುವುದಿಲ್ಲ. ಸದಸ್ಯರೊಬ್ಬರು ಅವಳ ಚಿಕ್ಕಮ್ಮ, ಅಥವಾ ಅವರೇ ಈ ಘಟನೆಗೆ ಸಾಕ್ಷಿ, ಅಥವಾ ವಿಚಾರಣೆಗೆ ಮೊದಲೇ "ಅವನೇ ಮಾಡಿದ್ದು" ಅಂತ ಸ್ಟಾಫ್ ರೂಮಿನಲ್ಲಿ ಹೇಳಿದ್ದಾರೆ ಅಂದರೆ, ಅದು ಆಕ್ಷೇಪಣೆ. ಮೊದಲ ದಿನವೇ ಬರೆದು ಕೊಡಿ. ತೀರ್ಪು ವಿರುದ್ಧ ಬಂದ ಮೇಲೆ ನೆನಪಾದ ಆಕ್ಷೇಪಣೆಗೆ ಬೆಲೆ ಕಡಿಮೆ.

ಸಮಿತಿಯೇ ಸರಿಯಾಗಿ ರಚನೆ ಆಗಿದೆಯಾ ನೋಡುವುದೂ ನಿಮ್ಮ ಹಕ್ಕು. ಅಧ್ಯಕ್ಷರು ಹಿರಿಯ ಅಧ್ಯಾಪಕಿ ಆಗಿರಬೇಕು. ಇಬ್ಬರು ಅಧ್ಯಾಪಕರು, ಇಬ್ಬರು ಬೋಧಕೇತರ ಸಿಬ್ಬಂದಿ, ಹೊರಗಿನಿಂದ ಈ ವಿಷಯ ಬಲ್ಲ ಒಬ್ಬರು. ವಿದ್ಯಾರ್ಥಿಗಳ ಪ್ರಕರಣವಾದರೆ ಚುನಾಯಿತ ಮೂವರು ವಿದ್ಯಾರ್ಥಿಗಳು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು. ಡೀನ್, ವಿಭಾಗದ ಮುಖ್ಯಸ್ಥರಂಥ ಮೇಲಿನ ಹುದ್ದೆಯವರು ಇರಬಾರದು. ಬಹಳ ಕಡೆ ಹೊರಗಿನ ಸದಸ್ಯರ ಹೆಸರು ಬೋರ್ಡಿನ ಮೇಲೆ ಮಾತ್ರ ಇರುತ್ತದೆ. ಅದು ಹುಡುಗನಿಗೆ ಎಷ್ಟು ಅನ್ಯಾಯವೋ ದೂರು ಕೊಟ್ಟ ಹುಡುಗಿಗೂ ಅಷ್ಟೇ, ಯಾಕೆಂದರೆ ಅಂಥ ಸಮಿತಿ ಕೊಟ್ಟ ವರದಿ ಕೋರ್ಟಿನಲ್ಲಿ ಬಿದ್ದುಹೋಗಬಹುದು.

ವಿಚಾರಣೆಯಲ್ಲಿ ಏನಾಗುತ್ತದೆ? ಅವಳನ್ನು ನಾನು ಪ್ರಶ್ನೆ ಕೇಳಬಹುದಾ?

ಇಬ್ಬರನ್ನೂ ಎದುರುಬದುರು ಕೂರಿಸುವುದಿಲ್ಲ. ಸಾಮಾನ್ಯವಾಗಿ ನಿಮ್ಮ ಪ್ರಶ್ನೆಗಳನ್ನು ಬರೆದು ಕೊಡುತ್ತೀರಿ, ಸಮಿತಿ ಅವನ್ನು ಅವಳಿಗೆ ಕೇಳಿ ಉತ್ತರ ದಾಖಲಿಸುತ್ತದೆ. ನಿಮ್ಮ ವಿರುದ್ಧ ಯಾರು ಏನು ಹೇಳಿದ್ದಾರೆ ಅನ್ನುವುದು ನಿಮಗೆ ಗೊತ್ತಾಗಬೇಕು, ಅದಕ್ಕೆ ಉತ್ತರಿಸುವ ಅವಕಾಶ ಸಿಗಬೇಕು. ನಿಮ್ಮ ಹೇಳಿಕೆಯನ್ನು ಓದಿ ನೋಡಿಯೇ ಸಹಿ ಹಾಕಿ. ತಪ್ಪಿದ್ದರೆ ಅಲ್ಲೇ ತಿದ್ದಿಸಿ.

ಇದು ಕ್ರಿಮಿನಲ್ ಕೋರ್ಟು ಅಲ್ಲ. ಅಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಇಲ್ಲಿ ಎರಡೂ ಕಡೆಯ ಮಾತು, ದಾಖಲೆ ತೂಗಿ ಯಾವುದು ನಡೆದಿರುವ ಸಾಧ್ಯತೆ ಹೆಚ್ಚು ಅಂತ ನೋಡುತ್ತಾರೆ. "ಕಣ್ಣಾರೆ ಕಂಡ ಸಾಕ್ಷಿ ಇಲ್ಲ, ಹಾಗಾಗಿ ಏನೂ ಆಗುವುದಿಲ್ಲ" ಅಂತ ಧೈರ್ಯ ಹೇಳುವವರಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ.

ಕಾರಣ ಕೊಡದೆ ಸತತ ಮೂರು ಸಲ ಗೈರಾದರೆ, ಹದಿನೈದು ದಿನದ ನೋಟಿಸ್ ಕೊಟ್ಟು ನೀವಿಲ್ಲದೆಯೇ ಮುಗಿಸಬಹುದು. ಒಟ್ಟು ವಿಚಾರಣೆ ತೊಂಬತ್ತು ದಿನದಲ್ಲಿ ಮುಗಿಯಬೇಕು. ಬೇಗ ಮುಗಿಸಬೇಕು ಅಂತ ಓಡಿಸುವ ಹಾಗೂ ಇಲ್ಲ. ಕಾಳಿ ಸೇತುವೆ ದಾಟಿ ಸ್ವಲ್ಪ ಹೋದರೆ ಸಿಗುವ ಗೋವಾದ್ದೇ ಒಂದು ಪ್ರಕರಣ ಇದೆ. ಅಲ್ಲಿಯ ವಿಶ್ವವಿದ್ಯಾಲಯದ ಅಧ್ಯಾಪಕರೊಬ್ಬರ ಮೇಲಿನ ದೂರುಗಳ ವಿಚಾರಣೆ 2009ರಲ್ಲಿ ನಡೆದಿತ್ತು. ಸಮಿತಿ ಕೆಲವೇ ದಿನಗಳಲ್ಲಿ ಸಾಲುಸಾಲು ಸಭೆ ನಡೆಸಿತು, ಅವರು ಕೇಳಿದ ಸಮಯ ಕೊಡದೆ ಮುಗಿಸಿತು. 2023ರ ಮೇ 12ರಂದು ಸುಪ್ರೀಂ ಕೋರ್ಟ್ ಆ ಪ್ರಕ್ರಿಯೆಯನ್ನು ಒಪ್ಪದೆ, ಮತ್ತೆ ಸರಿಯಾಗಿ ವಿಚಾರಣೆ ಮಾಡಿ ಅಂತ ಸಮಿತಿಗೇ ವಾಪಸ್ ಕಳಿಸಿತು. ಅವರು ನಿರ್ದೋಷಿ ಅಂತ ಕೋರ್ಟ್ ಹೇಳಲಿಲ್ಲ. ಆದರೆ ಹದಿನಾಲ್ಕು ವರ್ಷ ಆದ ಮೇಲೆ ಮತ್ತೆ ವಿಚಾರಣೆ ಅಂದರೆ ದೂರು ಕೊಟ್ಟವರ ಪಾಡೇನು, ನೀವೇ ಯೋಚಿಸಿ. ಅವಸರದ ವಿಚಾರಣೆ ಇಬ್ಬರಿಗೂ ಮುಳ್ಳು ಅಂತ ನಾನು ಸಮಿತಿಯಲ್ಲಿ ಹೇಳುವುದು ಇದಕ್ಕೇ.

ವಿಚಾರಣೆ ಮುಗಿಯುವ ಮೊದಲೇ ಬೇರೆ ಸೆಕ್ಷನ್ನಿಗೆ ಹಾಕಿದ್ದಾರೆ. ಇದು ಶಿಕ್ಷೆ ಅಲ್ವಾ?

ಅಲ್ಲ. ವಿಚಾರಣೆ ನಡೆಯುವಾಗ ಇಬ್ಬರನ್ನೂ ದೂರ ಇಡುವ ತಾತ್ಕಾಲಿಕ ಏರ್ಪಾಡು ಅದು. ನಿಯಮದಲ್ಲಿ ಇದಕ್ಕೆ ಅವಕಾಶ ಇದೆ, ನೀವು ತಪ್ಪು ಮಾಡಿದ್ದೀರಿ ಅಂತ ಅದರ ಅರ್ಥ ಆಗುವುದಿಲ್ಲ. ಕ್ಯಾಂಪಸ್ಸಿಗೇ ಬರಬೇಡ ಅನ್ನುವುದು ಮಾತ್ರ ಗಟ್ಟಿ ಕ್ರಮ. ಖಚಿತವಾದ ಅಪಾಯ ಇದ್ದಾಗ ಅಗತ್ಯವಿದ್ದರೆ ಮಾಡುವಂಥದ್ದು. ಗೇಟಿನಲ್ಲಿ ವಾಚ್‌ಮನ್ ಬಾಯಲ್ಲಿ ಹೇಳಿಸಿದರೆ ಸಾಲದು. ಕಾರಣ ಇರುವ ಲಿಖಿತ ಆದೇಶ ಕೇಳಿ. ಹಾಜರಿ, ಇಂಟರ್ನಲ್ ಅಂಕ, ಪ್ರಾಕ್ಟಿಕಲ್, ಹಾಲ್ ಟಿಕೆಟ್ ಏನಾಗುತ್ತದೆ ಅನ್ನುವುದನ್ನೂ ಅದೇ ಪತ್ರದಲ್ಲಿ ಕೇಳಿ. ಬೇರೆ ಕೋಣೆಯಲ್ಲಿ ಪರೀಕ್ಷೆ ಬರೆಸಿ ಅಂತ ಕೇಳಬಹುದು.

ಪೊಲೀಸರಿಗೂ ದೂರು ಹೋಗಿದೆ. ಈಗ?

ಈಗ ವಕೀಲರು ಬೇಕೇ ಬೇಕು, ಅದೇ ದಿನ. ಸಮಿತಿಯ ವಿಚಾರಣೆ ಮತ್ತು ಪೊಲೀಸ್ ಪ್ರಕರಣ ಎರಡೂ ಒಟ್ಟಿಗೆ ನಡೆಯಬಹುದು. 2024ರ ಜುಲೈ 1ರಿಂದ, ಅಪರಾಧ ಮತ್ತು ಶಿಕ್ಷೆ ಹೇಳುವ ಭಾರತೀಯ ನ್ಯಾಯ ಸಂಹಿತೆ ಅನ್ನುವ ಕಾನೂನು ಜಾರಿಯಲ್ಲಿದೆ. ಅದರ 75ನೇ ಕಲಂ ಲೈಂಗಿಕ ಕಿರುಕುಳದ್ದು, 77 ಕದ್ದು ನೋಡುವುದು ಮತ್ತು ಚಿತ್ರ ತೆಗೆಯುವುದು, 78 ಹಿಂಬಾಲಿಸುವುದು. ಕೆಲವಕ್ಕೆ ಜಾಮೀನು ಸುಲಭ, ಕೆಲವಕ್ಕೆ ಅಲ್ಲ. ಬಂಧನದ ಭಯ ಇದ್ದರೆ ನಿರೀಕ್ಷಣಾ ಜಾಮೀನಿಗೆ ಸೆಷನ್ಸ್ ಕೋರ್ಟಿಗೆ ಅಥವಾ ಹೈಕೋರ್ಟಿಗೆ ಅರ್ಜಿ ಹಾಕಬಹುದು. ನಮ್ಮ ಜಿಲ್ಲೆಯವರಿಗೆ ಹೈಕೋರ್ಟ್ ಅಂದರೆ ಧಾರವಾಡ ಪೀಠ. ಬೆಂಗಳೂರಿಗೆ ಹೋಗಬೇಕಿಲ್ಲ, ಘಟ್ಟ ಹತ್ತಿದರೆ ಸಾಕು. ಸಮಿತಿಗೆ ಬರೆದು ಕೊಡುವ ಉತ್ತರವನ್ನೂ ಈಗ ವಕೀಲರಿಗೆ ತೋರಿಸಿಯೇ ಕೊಡಿ.

ಹುಡುಗಿಗೆ ಹದಿನೆಂಟು ತುಂಬಿಲ್ಲದಿದ್ದರೆ ಮಾತೇ ಬೇರೆ. ಅಲ್ಲಿ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆ ಬರುತ್ತದೆ, ವಿಷಯ ಗೊತ್ತಾದ ಕಾಲೇಜು ಪೊಲೀಸರಿಗೆ ತಿಳಿಸಲೇಬೇಕು. "ಅವಳೇ ಒಪ್ಪಿದ್ದಳು" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಪಿಯುಸಿ ಮತ್ತು ಡಿಗ್ರಿ ಮೊದಲ ವರ್ಷದ ಹುಡುಗರು ಇದನ್ನು ದೂರು ಬರುವ ಮೊದಲೇ ತಿಳಿದಿರಬೇಕು. ಹುಡುಗನಿಗೂ ಹದಿನೆಂಟು ಆಗಿರದಿದ್ದರೆ ಅವನ ಪ್ರಕರಣ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ.

ಮೇಡಂ, ನಿಜ ಹೇಳುತ್ತೇನೆ. ದೂರಿನಲ್ಲಿ ಇರುವುದರಲ್ಲಿ ಸ್ವಲ್ಪ ಹೌದು.

ಈ ಪ್ರಶ್ನೆ ಯಾರೂ ಜೋರಾಗಿ ಕೇಳುವುದಿಲ್ಲ. ಬಾಗಿಲ ಹತ್ತಿರ ನಿಂತು, ಹೊರಡುವ ಹೊತ್ತಿಗೆ ಕೇಳುತ್ತಾರೆ.

ತಮ್ಮಾ, ಹಾಗಿದ್ದರೆ ಹೌದಾದದ್ದನ್ನು ಹೌದು ಅಂತ ಬರೆ. ಆಗದ್ದನ್ನು ಆಗಿಲ್ಲ ಅಂತ ಬರೆ. ಎಲ್ಲವನ್ನೂ ಅಲ್ಲಗಳೆದು ಆಮೇಲೆ ಒಂದೊಂದಾಗಿ ಸಿಕ್ಕಿಬೀಳುವುದು ಎಲ್ಲಕ್ಕಿಂತ ಕೆಟ್ಟದ್ದು. ಪೊಲೀಸ್ ಪ್ರಕರಣವೂ ಇದ್ದರೆ ಮಾತ್ರ ಒಪ್ಪಿಗೆಯ ಮಾತು ಬರೆಯುವ ಮೊದಲು ವಕೀಲರ ಜೊತೆ ಮಾತಾಡಲೇಬೇಕು. "ಸುಮ್ನೆ ತಮಾಷೆಗೆ ಮಾಡಿದ್ದು" ಅಂತ ಬರೆಯಬೇಡ. ಅವಳಿಗೆ ಅದು ತಮಾಷೆ ಆಗಿರಲಿಲ್ಲ, ಆ ಕಾರಣಕ್ಕೇ ದೂರು ಬಂದದ್ದು. ನಿಯಮದಲ್ಲಿ ಕಡ್ಡಾಯ ಆಪ್ತಸಮಾಲೋಚನೆ, ಸಮುದಾಯ ಸೇವೆಯಂಥ ತಿದ್ದುವ ಶಿಕ್ಷೆಗಳೂ ಇವೆ. ಒಪ್ಪಿಕೊಂಡವನಿಗೆ ಶಿಕ್ಷೆ ಇಲ್ಲ ಅಂತಲ್ಲ. ನ್ಯಾಯವಾದ ವಿಚಾರಣೆ ತಪ್ಪು ಮಾಡಿದವನಿಗೂ ಸಲ್ಲಬೇಕಾದ್ದು, ತಪ್ಪಿಗೆ ತಕ್ಕಷ್ಟೇ ಶಿಕ್ಷೆ ಅನ್ನುವುದೂ ಅದರಲ್ಲಿ ಸೇರಿದೆ.

ದೂರು ಪೂರ್ತಿ ಸುಳ್ಳು. ಅವಳ ಮೇಲೆ ಕ್ರಮ ಆಗುತ್ತದಾ?

ಗೊತ್ತಿದ್ದೂ ಸುಳ್ಳು ದೂರು ಕೊಟ್ಟದ್ದು, ನಕಲಿ ದಾಖಲೆ ಕೊಟ್ಟದ್ದು ಪ್ರತ್ಯೇಕ ವಿಚಾರಣೆಯಲ್ಲಿ ಗೊತ್ತಾದರೆ ಕ್ರಮ ಆಗುತ್ತದೆ. ದೂರು ಸಾಬೀತಾಗಲಿಲ್ಲ ಅಂದ ಮಾತ್ರಕ್ಕೆ ಅದು ಸುಳ್ಳು ಅಂತ ಅಲ್ಲ, ಕ್ರಮವೂ ಇಲ್ಲ. ಹುಡುಗರ ಮನೆಯವರಿಗೆ ಇದು ಸಿಟ್ಟು ಬರಿಸುತ್ತದೆ. ಆದರೆ ಸಾಕ್ಷಿ ಸಾಲದ್ದಕ್ಕೆ ಶಿಕ್ಷೆ ಅಂತಾದರೆ ನಾಳೆ ನಿಮ್ಮ ಮನೆಯ ಮಗಳೂ ದೂರು ಕೊಡಲು ಹೆದರುತ್ತಾಳೆ. ಈಗ ಸೇಡಿನ ಲೆಕ್ಕ ಹಾಕುವ ಬದಲು ನಿಮ್ಮ ಉತ್ತರ ಗಟ್ಟಿ ಮಾಡಿ.

ವರದಿ ನನ್ನ ವಿರುದ್ಧ ಬಂದರೆ?

ವಿಚಾರಣೆ ಮುಗಿದ ಹತ್ತು ದಿನದಲ್ಲಿ ವರದಿ ಆಡಳಿತಕ್ಕೆ ಹೋಗುತ್ತದೆ, ಅದರ ಪ್ರತಿ ನಿಮಗೂ ಸಿಗಬೇಕು. ಅಪೀಲು ಮಾಡಲು ಶಿಫಾರಸಿನ ದಿನದಿಂದ ಮೂವತ್ತು ದಿನ ಇದೆ. ಕ್ರಮ ತೆಗೆದುಕೊಳ್ಳುವ ಮೊದಲು ಹತ್ತು ದಿನದಲ್ಲಿ ಉತ್ತರಿಸಿ ಅಂತ ಕಾರಣ ಕೇಳುವ ನೋಟಿಸ್ ಕೊಡಬೇಕು. ಕಾಲೇಜಿನ ಒಳಗೆ ಇದು ಕೊನೆಯ ಅವಕಾಶ, ಹಾಳು ಮಾಡಬೇಡಿ. ಗ್ರಂಥಾಲಯ, ಹಾಸ್ಟೆಲ್ ಸೌಲಭ್ಯ ನಿಲ್ಲಿಸುವುದರಿಂದ ಹಿಡಿದು ಸ್ವಲ್ಪ ಕಾಲ ಅಮಾನತು, ಕಾಲೇಜಿನಿಂದಲೇ ತೆಗೆದುಹಾಕುವುದು, ಇಷ್ಟರವರೆಗೆ ಶಿಕ್ಷೆ ಆಗಬಹುದು. ಅದಾದ ಮೇಲೂ ಪ್ರಕ್ರಿಯೆ ತಪ್ಪಿದೆ ಅನಿಸಿದರೆ ಧಾರವಾಡದ ಹೈಕೋರ್ಟ್ ಪೀಠದ ದಾರಿ ಇದ್ದೇ ಇದೆ.

ಮಗ ಊಟ ಬಿಟ್ಟಿದ್ದಾನೆ, ರೂಮಿನಿಂದ ಹೊರಗೆ ಬರುತ್ತಿಲ್ಲ. ಏನು ಮಾಡಿಕೊಳ್ಳುತ್ತಾನೋ ಅಂತ ಭಯ.

ಈ ಭಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಬ್ಬನೇ ಮಲಗಲು ಬಿಡಬೇಡಿ. "ಸಾಯಬೇಕು ಅನಿಸುತ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅಥವಾ 112ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅನ್ನುವ ಸರಕಾರಿ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ಮನೆಯಲ್ಲಿ ಎರಡು ಮಾತು ಬೇಡ. "ಮನೆ ಮರ್ಯಾದೆ ತೆಗೆದೆ" ಅನ್ನುವುದು ಒಂದು, "ನನ್ನ ಮಗ ಅಂಥವನೇ ಅಲ್ಲ" ಅನ್ನುವುದು ಇನ್ನೊಂದು. ಮೊದಲನೆಯದು ಅವನನ್ನು ಒಂಟಿ ಮಾಡುತ್ತದೆ. ಎರಡನೆಯದನ್ನು ಕೇಳಿದ ಮೇಲೆ ಅವನಿಗೆ ನಿಜ ಹೇಳುವುದು ಇನ್ನೂ ಕಷ್ಟ. ಏನೇ ಆದರೂ ನಾವು ಇದ್ದೇವೆ, ಊಟ ಮಾಡು, ನಾಳೆ ಉತ್ತರ ಬರೆಯೋಣ ಅಂದರೆ ಸಾಕು.

ದೂರು ಕೊಟ್ಟವನು ಹುಡುಗ ಆದರೆ?

ಯುಜಿಸಿ ನಿಯಮಾವಳಿ ಹುಡುಗರ, ತೃತೀಯ ಲಿಂಗಿ ವಿದ್ಯಾರ್ಥಿಗಳ ಮೇಲಿನ ಕಿರುಕುಳವನ್ನೂ ಒಪ್ಪಿಕೊಳ್ಳುತ್ತದೆ. ನಗಬೇಡಿ, ಅದೇ ಗಾಂಭೀರ್ಯದಿಂದ ಉತ್ತರ ಕೊಡಿ.

ಕ್ಲಾಸ್ ಗ್ರೂಪಿನಲ್ಲಿ ನನ್ನ ಫೋಟೋ ಹಾಕಿದ್ದಾರೆ. ನಾನೂ ಅವಳ ಹೆಸರು ಹಾಕಲಾ?

ಹಾಕಬೇಡಿ. ದೂರು ಕೊಟ್ಟವರ, ಸಾಕ್ಷಿಗಳ, ಆರೋಪಿಯ ಗುರುತು ಯಾವುದೂ ಹೊರಗೆ ಹೋಗಬಾರದು. ನಿಮ್ಮ ಫೋಟೋ ಹಾಕಿದ್ದರ ಸ್ಕ್ರೀನ್‌ಶಾಟ್ ತೆಗೆದು ಸಮಿತಿಗೆ ಕೊಡಿ, ಅದನ್ನು ತಡೆಯುವುದು ಅವರ ಕೆಲಸ. ಅತ್ಯಾಚಾರದಂಥ ಪ್ರಕರಣದಲ್ಲಿ ಸಂತ್ರಸ್ತೆಯ ಹೆಸರು ಬಯಲು ಮಾಡಿದವರಿಗೆ ಎರಡು ವರ್ಷದವರೆಗೂ ಜೈಲು ಆಗಬಹುದು.

ದೂರು ಬಂದಿರುವುದು ನನ್ನ ರೂಮ್‌ಮೇಟ್ ಮೇಲೆ. ಅವನ ಜೊತೆ ಇದ್ದರೆ ನನ್ನನ್ನೂ ಸೇರಿಸುತ್ತಾರಾ?

ಜೊತೆಗೆ ಊಟಕ್ಕೆ ಹೋಗುವುದು, ನೋಟ್ಸ್ ಕೊಡುವುದು, ರಾತ್ರಿ ಮಾತಾಡುವುದು ತಪ್ಪಲ್ಲ, ಮಾಡಿ. ಅವನ ಪರವಾಗಿ ಸಹಿ ಸಂಗ್ರಹ, ಸಮಿತಿಯ ಕೋಣೆ ಮುಂದೆ ಗುಂಪು ಸೇರುವುದು, ಹುಡುಗಿಯ ಗೆಳತಿಯರನ್ನು ಅಡ್ಡಗಟ್ಟಿ ಕೇಳುವುದು, ಇವು ಮಾಡಿದರೆ ನಿಮ್ಮನ್ನೂ ಕರೆಸುತ್ತಾರೆ. ನೀವು ಏನಾದರೂ ಕಂಡಿದ್ದರೆ, ಅದು ಅವನಿಗೆ ಅನುಕೂಲವೋ ಅನನುಕೂಲವೋ, ಕಂಡಷ್ಟನ್ನೇ ಹೇಳಿ. ಕಂಡಿಲ್ಲದಿದ್ದರೆ, "ಅವನು ನನ್ನ ಜೊತೆ ರೂಮಿನಲ್ಲೇ ಇದ್ದ" ಅಂತ ಗೆಳೆತನಕ್ಕಾಗಿ ಹೇಳಬೇಡಿ. ಹಾಸ್ಟೆಲ್ ರಿಜಿಸ್ಟರನ್ನು ನಾವು ತರಿಸಿ ನೋಡುತ್ತೇವೆ.